ಕ್ಯಾಲಿಫೋರ್ನಿಯಾದಲ್ಲಿ ರೆಸ್ಪಿರೇಟರಿ ಥೆರಪಿಸ್ಟ್ ಲೈಸೆನ್ಸ್: ಅರ್ಜಿಯಿಂದ ನವೀಕರಣದವರೆಗೆ

ಮಣಿಪಾಲದಲ್ಲೋ ಬೆಂಗಳೂರಿನಲ್ಲೋ ಬಿಎಸ್ಸಿ ರೆಸ್ಪಿರೇಟರಿ ಥೆರಪಿ (ಉಸಿರಾಟದ ತೊಂದರೆ ಇರುವ ರೋಗಿಗಳ ಚಿಕಿತ್ಸೆ) ಓದಿದವರು, ಮದುವೆಯಾಗಿ ಬೇ ಏರಿಯಾಕ್ಕೆ ಬಂದು ಹೊಸ ವೃತ್ತಿ ಹುಡುಕುತ್ತಿರುವವರು, ಐಸಿಯುನಲ್ಲಿ ಹತ್ತು ವರ್ಷ ವೆಂಟಿಲೇಟರ್ ನೋಡಿಕೊಂಡ ಅನುಭವ ಇರುವವರು, ಎಲ್ಲರೂ ಕೇಳುವ ಪ್ರಶ್ನೆ ಒಂದೇ: ‘ಕ್ಯಾಲಿಫೋರ್ನಿಯಾದಲ್ಲಿ ಲೈಸೆನ್ಸ್ ಹೇಗೆ ಸಿಗುತ್ತದೆ, ಎಷ್ಟು ಖರ್ಚು, ಎಷ್ಟು ವರ್ಷಕ್ಕೊಮ್ಮೆ ಕಟ್ಟಬೇಕು?’ ಲೈಸೆನ್ಸ್ ಈಗಾಗಲೇ ಇರುವವರ ಪ್ರಶ್ನೆ ಬೇರೆ: ‘ಅವಧಿ ಮೀರಿಹೋಯಿತು, ಈಗೇನು ಮಾಡಲಿ?’ ಇಬ್ಬರಿಗೂ ಇಲ್ಲಿ ಉತ್ತರವಿದೆ. ಓದುವಾಗ ನಿಮ್ಮ ಪಾಸ್‌ಪೋರ್ಟ್, ಪದವಿ ಪ್ರಮಾಣಪತ್ರ ಎರಡನ್ನೂ ಪಕ್ಕದಲ್ಲಿ ಇಟ್ಟುಕೊಳ್ಳಿ. ಏಕೆಂಬುದು ಮೂರನೇ ಹಂತಕ್ಕೆ ಬಂದಾಗ ತಿಳಿಯುತ್ತದೆ.

ಅಮೆರಿಕದಲ್ಲಿ ಈ ಲೈಸೆನ್ಸ್ ಕೊಡುವುದು ಕೇಂದ್ರ ಸರ್ಕಾರವಲ್ಲ, ಆಯಾ ರಾಜ್ಯ. ಅಲಾಸ್ಕ ಒಂದನ್ನು ಬಿಟ್ಟು ಉಳಿದ 49 ರಾಜ್ಯಗಳಲ್ಲೂ ರೆಸ್ಪಿರೇಟರಿ ಥೆರಪಿಸ್ಟ್ ಆಗಿ ಕೆಲಸ ಮಾಡಲು ರಾಜ್ಯದ ಅನುಮತಿ ಬೇಕು. ಒಂದು ರಾಜ್ಯದ ನಿಯಮ ಇನ್ನೊಂದಕ್ಕೆ ಹೊಂದುವುದಿಲ್ಲ. ಟೆಕ್ಸಸ್‌ನಲ್ಲಿರುವ ಗೆಳತಿ ಹೇಳಿದ್ದನ್ನು ನಂಬಿ ಸ್ಯಾನ್ ಹೋಸೆಯಲ್ಲಿ ಅರ್ಜಿ ಹಾಕಿದರೆ ತೊಂದರೆ ಅಲ್ಲಿಂದಲೇ ಶುರು.

ಮೊದಲು ಮೂರು ಸಂಸ್ಥೆಗಳನ್ನು ಬೇರೆ ಬೇರೆಯಾಗಿ ಗುರುತಿಸಿಕೊಳ್ಳಿ

ಅರ್ಧಕ್ಕರ್ಧ ಗೊಂದಲ ಇಲ್ಲೇ ಇರುವುದು.

ಕೋಆರ್ಕ್: ಕಾಲೇಜುಗಳ ರೆಸ್ಪಿರೇಟರಿ ಕೋರ್ಸ್‌ಗಳಿಗೆ ಮಾನ್ಯತೆ ಕೊಡುವ ಸಂಸ್ಥೆ. ನಿಮ್ಮ ಓದು ಲೆಕ್ಕಕ್ಕೆ ಬರುತ್ತದೋ ಇಲ್ಲವೋ ಎಂಬುದು ಈ ಮಾನ್ಯತೆಯ ಮೇಲೆ ನಿಂತಿದೆ.

ಎನ್‌ಬಿಆರ್‌ಸಿ: ಇಡೀ ದೇಶಕ್ಕೆ ಪರೀಕ್ಷೆ ನಡೆಸುವ ಮಂಡಳಿ. ಇದು ಕೊಡುವುದು ಲೈಸೆನ್ಸ್ ಅಲ್ಲ, ಅರ್ಹತಾ ಪದವಿ. ಅದರಲ್ಲಿ ಎರಡು ಮಟ್ಟ: ಮೊದಲನೆಯದು ಸಿಆರ್‌ಟಿ, ಅದಕ್ಕಿಂತ ಮೇಲಿನದು ಆರ್‌ಆರ್‌ಟಿ.

ರೆಸ್ಪಿರೇಟರಿ ಕೇರ್ ಬೋರ್ಡ್: ಸ್ಯಾಕ್ರಮೆಂಟೊದಲ್ಲಿರುವ ಕ್ಯಾಲಿಫೋರ್ನಿಯಾ ರಾಜ್ಯದ ಮಂಡಳಿ. 1982ರಲ್ಲಿ ಬಂದ ರೆಸ್ಪಿರೇಟರಿ ಕೇರ್ ಪ್ರಾಕ್ಟೀಸ್ ಕಾಯ್ದೆಯಡಿ ಕೆಲಸ ಮಾಡುತ್ತದೆ. ಲೈಸೆನ್ಸ್ ಕೊಡುವುದು, ನವೀಕರಿಸುವುದು, ಅಮಾನತು ಮಾಡುವುದು ಎಲ್ಲ ಇದರ ಕೈಯಲ್ಲಿ. ಲೈಸೆನ್ಸ್ ಪಡೆದವರನ್ನು ಕಾಯ್ದೆ ‘ರೆಸ್ಪಿರೇಟರಿ ಕೇರ್ ಪ್ರಾಕ್ಟೀಷನರ್’ ಎನ್ನುತ್ತದೆ, ಚಿಕ್ಕದಾಗಿ ಆರ್‌ಸಿಪಿ.

ಹಾಗಾಗಿ ಹೆಸರಿನ ಮುಂದೆ ಆರ್‌ಆರ್‌ಟಿ ಇದ್ದು ಆರ್‌ಸಿಪಿ ಇಲ್ಲದಿದ್ದರೆ ಕ್ಯಾಲಿಫೋರ್ನಿಯಾದಲ್ಲಿ ರೋಗಿಯ ವೆಂಟಿಲೇಟರ್ ಮುಟ್ಟುವಂತಿಲ್ಲ. ಎನ್‌ಬಿಆರ್‌ಸಿಗೆ ಹಣ ಕಟ್ಟಿದರೆ ಲೈಸೆನ್ಸ್ ನವೀಕರಣವಾಗುವುದಿಲ್ಲ, ಬೋರ್ಡಿಗೆ ಕಟ್ಟಿದರೆ ಎನ್‌ಬಿಆರ್‌ಸಿ ಪದವಿ ಮುಂದುವರಿಯುವುದಿಲ್ಲ. ಎರಡಕ್ಕೂ ಬೇರೆ ಖಾತೆ, ಬೇರೆ ದಿನಾಂಕ, ಬೇರೆ ಲೆಕ್ಕ. ಎರಡನ್ನೂ ಒಂದೇ ಎಂದುಕೊಂಡು ಒಂದನ್ನು ಮರೆತವರು ಬಹಳ ಜನ.

ಹಂತ 1: ಓದು ಲೆಕ್ಕಕ್ಕೆ ಬರುತ್ತದೆಯೇ?

ನೇರವಾಗಿಯೇ ಹೇಳಬೇಕು: ಭಾರತದ ಬಿಎಸ್ಸಿ ಪದವಿ ಒಂದರಿಂದಲೇ ಎನ್‌ಬಿಆರ್‌ಸಿ ಪರೀಕ್ಷೆಗೆ ಕೂರಲು ಆಗುವುದಿಲ್ಲ. ಅಂಕಪಟ್ಟಿಯನ್ನು ಮೌಲ್ಯಮಾಪನ ಸಂಸ್ಥೆಗೆ ಕಳಿಸಿ ‘ಅಮೆರಿಕದ ಪದವಿಗೆ ಸಮಾನ’ ಎಂಬ ವರದಿ ತರಿಸಿಕೊಂಡರೂ ಸಾಲದು. ಆ ವರದಿ ಕಾಲೇಜು ಪ್ರವೇಶಕ್ಕೆ ನೆರವಾಗುತ್ತದೆ, ಪರೀಕ್ಷೆಯ ಬಾಗಿಲು ತೆರೆಯುವುದಿಲ್ಲ. ಕೋಆರ್ಕ್ ಮಾನ್ಯತೆಯ ಕೋರ್ಸ್ ಮುಗಿಸಲೇಬೇಕು, ಕನಿಷ್ಠ ಎರಡು ವರ್ಷದ ಅಸೋಸಿಯೇಟ್ ಪದವಿಯಾದರೂ ಕೈಯಲ್ಲಿರಬೇಕು.

ವರ್ಷಗಟ್ಟಲೆ ಐಸಿಯುನಲ್ಲಿ ದುಡಿದವರಿಗೆ ಇದು ನೋವು ತರುವ ಮಾತು. ಆದರೂ ದಾರಿ ಪೂರ್ತಿ ಮುಚ್ಚಿಲ್ಲ. ಕೆಲವು ಕಾಲೇಜುಗಳು ಹಿಂದಿನ ಓದನ್ನು ಪರಿಗಣಿಸಿ ಕೋರ್ಸಿನ ನಡುವಿನ ಹಂತಕ್ಕೆ ಸೇರಿಸಿಕೊಳ್ಳುತ್ತವೆ. ಇದಕ್ಕೆ ‘ಅಡ್ವಾನ್ಸ್ಡ್ ಸ್ಟ್ಯಾಂಡಿಂಗ್’ ಎನ್ನುತ್ತಾರೆ. ಎಷ್ಟು ವಿಷಯ ಬಿಡಬೇಕು, ಎಷ್ಟು ಓದಿಸಬೇಕು ಎಂದು ಕಾಲೇಜೇ ತೀರ್ಮಾನಿಸುತ್ತದೆ. ಕೇಳಲು ಹೋಗುವಾಗ ಅಂಕಪಟ್ಟಿ ಮಾತ್ರವಲ್ಲ, ವಿಶ್ವವಿದ್ಯಾಲಯದ ಪಠ್ಯಕ್ರಮದ ಪುಸ್ತಕ, ಇಂಟರ್ನ್‌ಶಿಪ್‌ನಲ್ಲಿ ಯಾವ ವಾರ್ಡಿನಲ್ಲಿ ಎಷ್ಟು ಗಂಟೆ ಇದ್ದಿರಿ ಎಂಬ ಮೊಹರು ಹಾಕಿದ ಪತ್ರ ಎರಡನ್ನೂ ಒಯ್ಯಿರಿ. ಈ ಪತ್ರವನ್ನು ಭಾರತದಿಂದ ಹೊರಡುವ ಮೊದಲೇ ಮಾಡಿಸಿಕೊಳ್ಳುವುದು ಲೇಸು. ವಿಭಾಗದ ಮುಖ್ಯಸ್ಥರು ಬದಲಾದ ಮೇಲೆ ಹಳೆಯ ಗಂಟೆಗಳ ಲೆಕ್ಕ ಬರೆದುಕೊಡುವವರು ಸಿಗುವುದು ಕಷ್ಟ.

ಬೇ ಏರಿಯಾದಲ್ಲಿ ಲಾಸ್ ಆಲ್ಟೋಸ್ ಹಿಲ್ಸ್‌ನ ಫುಟ್‌ಹಿಲ್ ಕಾಲೇಜು, ನ್ಯೂಆರ್ಕ್‌ನಲ್ಲಿ ತರಗತಿ ನಡೆಸುವ ಓಲೋನಿ ಕಾಲೇಜು, ಸ್ಯಾನ್ ಬ್ರೂನೋದ ಸ್ಕೈಲೈನ್ ಕಾಲೇಜು ಈ ಕೋರ್ಸ್ ನಡೆಸುತ್ತವೆ. ಮೂರೂ ಸರ್ಕಾರಿ ಸಮುದಾಯ ಕಾಲೇಜುಗಳಾದ್ದರಿಂದ ಖಾಸಗಿ ಶಾಲೆಗಳಿಗಿಂತ ಶುಲ್ಕ ಬಹಳ ಕಡಿಮೆ. ಸೇರುವ ಮೊದಲು ಕೋಆರ್ಕ್‌ನ ಪಟ್ಟಿಯಲ್ಲಿ ಕೋರ್ಸಿನ ಹೆಸರು ಇದೆಯೇ ಎಂದು ನೀವೇ ಕಣ್ಣಾರೆ ನೋಡಿ. ಏಜೆಂಟರ ಮಾತು ಸಾಲದು.

ಎಚ್ಚರಿಕೆ: ಪಟ್ಟಿಯಲ್ಲಿ ‘ಡಿಗ್ರಿ ಅಡ್ವಾನ್ಸ್‌ಮೆಂಟ್’ ಎಂದಿರುವ ಕೋರ್ಸ್‌ಗಳು ಈಗಾಗಲೇ ಆರ್‌ಆರ್‌ಟಿ ಆಗಿರುವವರಿಗೆ, ಅಸೋಸಿಯೇಟ್ ಪದವಿಯನ್ನು ಬ್ಯಾಚುಲರ್ಸ್‌ಗೆ ಏರಿಸಿಕೊಳ್ಳಲು ಇರುವಂಥವು. ಆನ್‌ಲೈನ್‌ನಲ್ಲೇ ಮುಗಿಯುತ್ತವೆ, ಅಗ್ಗ ಎಂದು ಇದಕ್ಕೆ ಸೇರಿದರೆ ಪರೀಕ್ಷೆ ಬರೆಯುವ ಹಕ್ಕು ಬರುವುದಿಲ್ಲ. ಹೊಸಬರು ಸೇರಬೇಕಾದದ್ದು ‘ಎಂಟ್ರಿ ಇನ್‌ಟು ಪ್ರಾಕ್ಟೀಸ್’ ಎಂದಿರುವ ಕೋರ್ಸಿಗೆ. ಹಣ ಕಟ್ಟುವ ಮುನ್ನ ಈ ಮೂರು ಪದ ಕಾಣಿಸಲೇಬೇಕು.

ಹಂತ 2: ಪರೀಕ್ಷೆ

ಎರಡು ಪರೀಕ್ಷೆಗಳಿವೆ. ಮೊದಲನೆಯದು ಟಿಎಂಸಿ, ಅಂದರೆ ಥೆರಪಿಸ್ಟ್ ಮಲ್ಟಿಪಲ್ ಚಾಯ್ಸ್: 160 ಬಹು ಆಯ್ಕೆ ಪ್ರಶ್ನೆ, ಅದರಲ್ಲಿ 140ಕ್ಕೆ ಮಾತ್ರ ಅಂಕ, 3 ಗಂಟೆ. ಉಳಿದ 20 ಪ್ರಶ್ನೆ ಮುಂದಿನ ಪರೀಕ್ಷೆಗಳಿಗಾಗಿ ಒರೆಹಚ್ಚಿ ನೋಡುವಂಥವು, ಯಾವುವೆಂದು ಗೊತ್ತಾಗುವುದಿಲ್ಲ. ಎರಡನೆಯದು ಸಿಎಸ್‌ಇ, ಅಂದರೆ ಕ್ಲಿನಿಕಲ್ ಸಿಮ್ಯುಲೇಷನ್: 22 ರೋಗಿಗಳ ಪ್ರಕರಣ, 20ಕ್ಕೆ ಅಂಕ, 4 ಗಂಟೆ. ಪ್ರಕರಣದಲ್ಲಿ ಯಾವ ಮಾಹಿತಿ ಬೇಕು, ಮುಂದೇನು ಮಾಡುತ್ತೀರಿ ಎಂದು ಒಂದೊಂದಾಗಿ ಆರಿಸುತ್ತ ಹೋಗಬೇಕು. ಬೇಡದ್ದನ್ನು ಆರಿಸಿದರೆ ಅಂಕ ಕಳೆಯುತ್ತದೆ. ಎಲ್ಲವನ್ನೂ ಗುರುತು ಹಾಕಿ ಬಿಡುವ ಅಭ್ಯಾಸ ಇಲ್ಲಿ ಮುಳುಗಿಸುತ್ತದೆ. ನೀವು ಬರೆಯುವ ವರ್ಷದ ಅಭ್ಯರ್ಥಿ ಕೈಪಿಡಿಯನ್ನು ಒಮ್ಮೆ ಪೂರ್ತಿ ಓದಿ, ಪರೀಕ್ಷೆಯ ಸ್ವರೂಪ ಆಗಾಗ ಪರಿಷ್ಕಾರವಾಗುತ್ತದೆ.

ಟಿಎಂಸಿಗೆ ಎರಡು ಗೆರೆ ಇವೆ. ಕೆಳಗಿನ ಗೆರೆ ದಾಟಿದರೆ ಸಿಆರ್‌ಟಿ. ಮೇಲಿನ ಗೆರೆ ದಾಟಿದರೆ ಸಿಆರ್‌ಟಿ ಜೊತೆಗೆ ಸಿಎಸ್‌ಇ ಬರೆಯುವ ಅರ್ಹತೆ. ಅದೂ ಪಾಸಾದರೆ ಆರ್‌ಆರ್‌ಟಿ. ಕ್ಯಾಲಿಫೋರ್ನಿಯಾ 2015ರ ಜನವರಿ 1ರಿಂದ ಹೊಸ ಲೈಸೆನ್ಸಿಗೆ ಆರ್‌ಆರ್‌ಟಿ ಮಟ್ಟವನ್ನೇ ಕೇಳುತ್ತಿದೆ. ಕೆಳಗಿನ ಗೆರೆ ದಾಟಿ ‘ಪಾಸ್’ ಎಂಬ ಪದ ಕಂಡು ಮನೆಗೆಲ್ಲ ಸಿಹಿ ಹಂಚಿ ಅರ್ಜಿ ಹಾಕಿದವರಿಗೆ ಬೋರ್ಡಿನಿಂದ ಬರುವುದು ‘ಇನ್ನೊಮ್ಮೆ ಬರೆಯಿರಿ’ ಎಂಬ ಉತ್ತರ. ಅದೇ ಫಲಿತಾಂಶ ಸಿಆರ್‌ಟಿ ಒಪ್ಪುವ ರಾಜ್ಯಗಳಲ್ಲಿ ನಡೆಯುತ್ತದೆ. ಇಲ್ಲಿ ನಡೆಯುವುದಿಲ್ಲ.

ಹಂತ 3: ಹೆಸರು ಮತ್ತು ಹುಟ್ಟಿದ ದಿನ ಸರಿಮಾಡಿಕೊಳ್ಳಿ

ನಮ್ಮ ಕಡೆಯವರು ಹೆಚ್ಚು ಎಡವುವುದು ಇಲ್ಲಿ. ಅರ್ಜಿ ಶುರುಮಾಡುವ ಮೊದಲೇ ಒಂದು ಸಂಜೆ ಇದಕ್ಕೆ ಮೀಸಲಿಡಿ.

ಪದವಿ ಪ್ರಮಾಣಪತ್ರದಲ್ಲಿ ‘ಶಿಲ್ಪಾ ಎಚ್ ಎಂ’ ಎಂದಿರುತ್ತದೆ. ಪಾಸ್‌ಪೋರ್ಟ್ ಮಾಡಿಸುವಾಗ ಇನಿಷಿಯಲ್ ಬಿಡಿಸಿ ಬರೆಯಲು ಹೇಳಿದ್ದರಿಂದ ಊರ ಹೆಸರು, ಅಪ್ಪನ ಹೆಸರು ಎರಡೂ ಸೇರಿ ‘ಶಿಲ್ಪಾ ಹೊಸಹಳ್ಳಿ ಮಂಜುನಾಥ’ ಆಗಿರುತ್ತದೆ. ಇಲ್ಲವೇ ಪಾಸ್‌ಪೋರ್ಟಿನಲ್ಲಿ ಕುಟುಂಬದ ಹೆಸರಿನ ಜಾಗ ಖಾಲಿ ಇದ್ದು, ವೀಸಾದಲ್ಲಿ ಹೆಸರಿನ ಜಾಗಕ್ಕೆ ‘ಎಫ್‌ಎನ್‌ಯು’ ಎಂಬ ಮೂರಕ್ಷರ ಬಂದು ಕುಳಿತಿರುತ್ತದೆ. ಅದರರ್ಥ ಮೊದಲ ಹೆಸರು ತಿಳಿಯದು ಎಂದು. ಮದುವೆಯ ನಂತರ ಗಂಡನ ಹೆಸರು ಸೇರಿದ್ದರೆ ನಾಲ್ಕನೇ ರೂಪ. ಡ್ರೈವಿಂಗ್ ಲೈಸೆನ್ಸಿನಲ್ಲಿ ಜಾಗ ಸಾಲದೆ ಕತ್ತರಿಸಿದ್ದರೆ ಐದನೆಯದು.

ಈಗ ಕೂಡಿಸಿ ನೋಡಿ: ಎನ್‌ಬಿಆರ್‌ಸಿ ಖಾತೆ, ಕಾಲೇಜಿನ ಅಂಕಪಟ್ಟಿ, ಬೋರ್ಡಿನ ಅರ್ಜಿ, ಬೆರಳಚ್ಚಿನ ಫಾರಂ, ಗುರುತಿನ ಚೀಟಿ. ಐದೂ ಕಡೆ ಒಂದೇ ಹೆಸರು ಇರಬೇಕು. ಎನ್‌ಬಿಆರ್‌ಸಿ ಪರೀಕ್ಷೆ ನಡೆಯುವ, ಪಿಎಸ್‌ಐ ಎಂಬ ಕಂಪನಿಯ ಕೇಂದ್ರದಲ್ಲಿ ಗುರುತಿನ ಚೀಟಿಯ ಹೆಸರು, ನೋಂದಣಿಯ ಹೆಸರು ಬೇರೆಯಾದರೆ ಒಳಗೆ ಬಿಡುವುದಿಲ್ಲ, ಕಟ್ಟಿದ ಹಣವೂ ಹೋಗುತ್ತದೆ. ಬೋರ್ಡಿನಲ್ಲಿ ಆಗುವುದು ಬೇರೆ: ಕಾಲೇಜು ಕಳಿಸಿದ ಅಂಕಪಟ್ಟಿ, ಎನ್‌ಬಿಆರ್‌ಸಿ ಕಳಿಸಿದ ಫಲಿತಾಂಶ ನಿಮ್ಮ ಕಡತಕ್ಕೆ ಸೇರದೆ ಎಲ್ಲೋ ಉಳಿಯುತ್ತವೆ. ನೀವು ಕಾಯುತ್ತೀರಿ, ಅವರೂ ಕಾಯುತ್ತಾರೆ.

ಮಾಡಬೇಕಾದದ್ದು: ಪಾಸ್‌ಪೋರ್ಟಿನಲ್ಲಿ ಇರುವ ಹೆಸರನ್ನೇ ಮೂಲ ಎಂದು ಹಿಡಿಯಿರಿ. ಕಾಲೇಜಿಗೆ ಸೇರುವ ದಿನವೇ ಅದೇ ಹೆಸರು ಕೊಡಿ. ಅರ್ಜಿಯಲ್ಲಿ ‘ಬೇರೆ ಹೆಸರುಗಳು’ ಎಂಬ ಕಾಲಂ ಇದ್ದಲ್ಲಿ ಹಳೆಯ ರೂಪಗಳನ್ನೆಲ್ಲ ಬರೆಯಿರಿ, ಇನಿಷಿಯಲ್ ಇರುವುದನ್ನೂ ಬಿಡಬೇಡಿ.

ಹುಟ್ಟಿದ ದಿನದಲ್ಲಿ ಎರಡು ಗುಂಡಿಗಳಿವೆ. ಅಮೆರಿಕದಲ್ಲಿ ತಿಂಗಳು ಮೊದಲು, ದಿನ ಆಮೇಲೆ. ಜೂನ್ 1 ಎಂಬುದನ್ನು ನಮ್ಮ ರೂಢಿಯಂತೆ 01/06 ಎಂದು ಬರೆದರೆ ಅದು ಜನವರಿ 6 ಆಗುತ್ತದೆ. ಇನ್ನೊಂದು, ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದ ತಾರೀಖು. ಅಮ್ಮ ಹೇಳುವ ಹುಟ್ಟುಹಬ್ಬ ಕಾರ್ತಿಕದಲ್ಲಿದ್ದರೂ ದಾಖಲೆಯಲ್ಲಿ ಜೂನ್ ಇದ್ದರೆ, ಬೋರ್ಡಿಗೆ ಜೂನ್ ಮಾತ್ರ ಗೊತ್ತು. ಮುಂದೆ ನಿಮ್ಮ ಲೈಸೆನ್ಸ್ ಮುಗಿಯುವುದೂ ಜೂನ್‌ನಲ್ಲೇ.

ಹಂತ 4: ಬೋರ್ಡಿಗೆ ಅರ್ಜಿ

ಅರ್ಜಿಯನ್ನು ರಾಜ್ಯದ ‘ಬ್ರೀಜ್’ ಎಂಬ ಆನ್‌ಲೈನ್ ವ್ಯವಸ್ಥೆಯಲ್ಲಿ ಹಾಕಬಹುದು. ಅರ್ಜಿ ಶುಲ್ಕ 300 ಡಾಲರ್. ಅರ್ಜಿ ತಿರಸ್ಕಾರವಾದರೂ ನೀವೇ ಹಿಂದೆಗೆದುಕೊಂಡರೂ ಈ ಹಣ ವಾಪಸ್ ಬರುತ್ತದೆಂದು ಎಣಿಸಬೇಡಿ.

ಜೊತೆಗೆ ಬೇಕಾದವು ಇವು. ಕಾಲೇಜಿನಿಂದ ನೇರವಾಗಿ ಬೋರ್ಡಿಗೆ ಹೋಗುವ ಅಧಿಕೃತ ಅಂಕಪಟ್ಟಿ. ನಿಮ್ಮ ಕೈಯಿಂದ ಹೋದದ್ದು, ಲಕೋಟೆ ಒಡೆದದ್ದು ನಡೆಯುವುದಿಲ್ಲ. ಅಂಕಪಟ್ಟಿಯಲ್ಲಿ ಪದವಿ ಕೊಟ್ಟ ದಿನಾಂಕ ಮೂಡಿರಬೇಕು. ಕೋರ್ಸ್ ಮುಗಿದ ವಾರವೇ ತರಿಸಿದರೆ ಆ ಸಾಲು ಇನ್ನೂ ಸೇರಿರುವುದಿಲ್ಲ, ಹಾಗಾಗಿ ಪದವಿ ಮೂಡಿದೆಯೇ ಎಂದು ಕಾಲೇಜಿನ ಪೋರ್ಟಲ್‌ನಲ್ಲಿ ನೋಡಿಕೊಂಡೇ ಕಳಿಸಲು ಹೇಳಿ. ಎನ್‌ಬಿಆರ್‌ಸಿಯಿಂದ ಫಲಿತಾಂಶದ ದೃಢೀಕರಣ. ಬೇರೆ ರಾಜ್ಯದಲ್ಲಿ ಲೈಸೆನ್ಸ್ ಇದ್ದರೆ ಆ ರಾಜ್ಯದ ದೃಢೀಕರಣ. ಬೋರ್ಡ್ ಒಪ್ಪಿದ ‘ಕಾನೂನು ಮತ್ತು ವೃತ್ತಿ ನೀತಿ’ ಕೋರ್ಸಿನ ಪ್ರಮಾಣಪತ್ರ. ಈ ಕೋರ್ಸನ್ನು ರಾಷ್ಟ್ರೀಯ ಸಂಘವಾದ ಎಎಆರ್‌ಸಿ ಮತ್ತು ರಾಜ್ಯದ ಸಂಘ ಸಿಎಸ್‌ಆರ್‌ಸಿ ನಡೆಸುತ್ತವೆ, ಮನೆಯಲ್ಲೇ ಕುಳಿತು ಮುಗಿಸಬಹುದು. ಬೇರೆ ಯಾರದೋ ನೀತಿ ಕೋರ್ಸ್ ಲೆಕ್ಕಕ್ಕಿಲ್ಲ.

ಸೋಷಿಯಲ್ ಸೆಕ್ಯುರಿಟಿ ಸಂಖ್ಯೆ ಇಲ್ಲದ ಎಚ್4 ವೀಸಾದವರು (ಸಂಗಾತಿಯ ಕೆಲಸದ ವೀಸಾದ ಮೇಲೆ ಬಂದವರು) ಹೆದರಬೇಕಿಲ್ಲ. ತೆರಿಗೆ ಇಲಾಖೆ ಕೊಡುವ ಐಟಿಐಎನ್ ಸಂಖ್ಯೆಯನ್ನು ಕ್ಯಾಲಿಫೋರ್ನಿಯಾದ ವೃತ್ತಿ ಮಂಡಳಿಗಳು ಒಪ್ಪುತ್ತವೆ, ವಲಸೆ ಸ್ಥಿತಿಯನ್ನು ಮುಂದಿಟ್ಟುಕೊಂಡು ಲೈಸೆನ್ಸ್ ನಿರಾಕರಿಸುವಂತಿಲ್ಲ. ಆದರೆ ಲೈಸೆನ್ಸ್ ಬೇರೆ, ಕೆಲಸದ ಪರವಾನಗಿ ಬೇರೆ. ಕೈಯಲ್ಲಿ ಆರ್‌ಸಿಪಿ ಇದ್ದರೂ ಇಎಡಿ ಕಾರ್ಡ್ (ವಲಸೆ ಇಲಾಖೆ ಕೊಡುವ ಕೆಲಸದ ಅನುಮತಿ ಪತ್ರ) ಅಥವಾ ಕೆಲಸಕ್ಕೆ ಅನುಮತಿ ಇರುವ ವೀಸಾ ಇಲ್ಲದೆ ಒಂದು ದಿನವೂ ಡ್ಯೂಟಿ ಮಾಡಬೇಡಿ. ಆ ತಪ್ಪು ಇಡೀ ಕುಟುಂಬದ ವಲಸೆ ಅರ್ಜಿಯನ್ನೇ ಹಾಳುಮಾಡಬಲ್ಲದು.

ಹಂತ 5: ಬೆರಳಚ್ಚು

ಕ್ಯಾಲಿಫೋರ್ನಿಯಾದಲ್ಲಿ ಇರುವವರು ‘ಲೈವ್ ಸ್ಕ್ಯಾನ್’ ಮಾಡಿಸಬೇಕು, ಅಂದರೆ ಶಾಯಿ ಇಲ್ಲದೆ ಗಾಜಿನ ಮೇಲೆ ಬೆರಳಿಟ್ಟು ಕಂಪ್ಯೂಟರಿಗೆ ಅಚ್ಚು ತೆಗೆಸುವುದು. ರಾಜ್ಯದ ನ್ಯಾಯ ಇಲಾಖೆಗೆ 32 ಡಾಲರ್, ಎಫ್‌ಬಿಐಗೆ 17, ಒಟ್ಟು 49. ಅಚ್ಚು ತೆಗೆಯುವ ಅಂಗಡಿಯವರ ಕೂಲಿ ಇದರ ಮೇಲೆ, ಒಂದೊಂದು ಕಡೆ ಒಂದೊಂದು ದರ. ಎರಡು ಮೂರು ಕಡೆ ಫೋನ್ ಮಾಡಿ ಕೇಳಿದರೆ ಹಣ ಉಳಿಯುತ್ತದೆ.

ಫಾರಂ ಬೋರ್ಡಿನಿಂದಲೇ ಪಡೆದದ್ದಾಗಿರಬೇಕು. ಅದರಲ್ಲಿ ಬೋರ್ಡಿನ ಸಂಕೇತ ಸಂಖ್ಯೆ ಮೊದಲೇ ಅಚ್ಚಾಗಿರುತ್ತದೆ. ಅಂಗಡಿಯಲ್ಲಿ ಕೊಟ್ಟ ಖಾಲಿ ಫಾರಂ ತುಂಬಿದರೆ ಫಲಿತಾಂಶ ಬೇರೆ ಇಲಾಖೆಯ ಪಾಲಾಗುತ್ತದೆ. ಹಿಂದೆ ಶಾಲೆಯಲ್ಲಿ ಸ್ವಯಂಸೇವೆಗೋ ಆಸ್ಪತ್ರೆ ಕೆಲಸಕ್ಕೋ ಕೊಟ್ಟ ಬೆರಳಚ್ಚು ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಒಂದು ಇಲಾಖೆಗೆ ಕೊಟ್ಟದ್ದು ಇನ್ನೊಂದಕ್ಕೆ ಹೋಗದು.

ಬೆರಳಿಡುವ ಮೊದಲು ಕಂಪ್ಯೂಟರ್ ಪರದೆಯನ್ನು ನಿಮ್ಮ ಕಡೆ ತಿರುಗಿಸಲು ಹೇಳಿ. ಹೆಸರು, ಹುಟ್ಟಿದ ತಿಂಗಳು, ದಿನ, ಸೋಷಿಯಲ್ ಸೆಕ್ಯುರಿಟಿ ಸಂಖ್ಯೆ ನೀವೇ ಓದಿ. ನಮ್ಮ ಉದ್ದ ಹೆಸರುಗಳಲ್ಲಿ ಒಂದಕ್ಷರ ಬಿಟ್ಟು ಟೈಪ್ ಮಾಡುವುದು ದಿನನಿತ್ಯದ ತಪ್ಪು. ಆಮೇಲೆ ಫಾರಂನ ಕೆಳಭಾಗದಲ್ಲಿ ‘ಎಟಿಐ’ ಸಂಖ್ಯೆ ಬರೆಸಿಕೊಂಡೇ ಹೊರಡಿ. ನಿಮ್ಮ ಅಚ್ಚು ಎಲ್ಲಿಯವರೆಗೆ ಹೋಗಿದೆ ಎಂದು ವಿಚಾರಿಸಲು ಇರುವ ಸಂಖ್ಯೆ ಅದು. ಫಾರಂನ ನಿಮ್ಮ ಪ್ರತಿಯನ್ನು ಲೈಸೆನ್ಸ್ ಬರುವವರೆಗೂ ಎಸೆಯಬೇಡಿ.

ಆಸ್ಪತ್ರೆಯಲ್ಲಿ ದಿನಕ್ಕೆ ಐವತ್ತು ಸಲ ಸ್ಯಾನಿಟೈಸರ್ ಹಚ್ಚಿ ಕೈ ತೊಳೆಯುವವರ ಬೆರಳ ಗೆರೆಗಳು ಸವೆದು ಒಣಗಿರುತ್ತವೆ. ಅಚ್ಚು ಮಸುಕಾಗಿ ತಿರಸ್ಕಾರವಾಗಲು ಇದೇ ದೊಡ್ಡ ಕಾರಣ. ಒಂದು ವಾರ ಮೊದಲಿನಿಂದ ರಾತ್ರಿ ಮಲಗುವಾಗ ಬೆರಳ ತುದಿಗೆ ಕೊಬ್ಬರಿ ಎಣ್ಣೆಯೋ ವ್ಯಾಸಲೀನೋ ಹಚ್ಚಿ, ಆ ದಿನ ಬೆಳಿಗ್ಗೆ ಮಾತ್ರ ಏನೂ ಹಚ್ಚದೆ ಹೋಗಿ. ತಿರಸ್ಕಾರದ ಪತ್ರ ಬಂದರೆ ಅದನ್ನೇ ಹಿಡಿದು ಬೇಗ ಮತ್ತೆ ಮಾಡಿಸಿ. ಎರಡು ಸಲ ತಿರಸ್ಕಾರವಾದರೆ ಎಫ್‌ಬಿಐ ಹೆಸರಿನ ಮೇಲೆ ಹುಡುಕುವ ದಾರಿ ಇದೆ, ಆದರೆ ಅದು ನಿಧಾನ.

ಬೇರೆ ರಾಜ್ಯದಲ್ಲಿ ಇದ್ದು ಅರ್ಜಿ ಹಾಕುವವರು ಶಾಯಿಯ ಬೆರಳಚ್ಚು ಕಾರ್ಡ್ ಕಳಿಸಬೇಕು. ಅದರ ಪರಿಶೀಲನೆ ಲೈವ್ ಸ್ಕ್ಯಾನಿಗಿಂತ ತಡ. ಕ್ಯಾಲಿಫೋರ್ನಿಯಾಕ್ಕೆ ಒಂದು ದಿನದ ಮಟ್ಟಿಗೆ ಬರುವ ಕೆಲಸ ಹೇಗೂ ಇದ್ದರೆ ಇಲ್ಲೇ ಮಾಡಿಸಿಬಿಡಿ.

ಹಂತ 6: ಕಾಯುವ ದಿನಗಳು

ಓದು ಮುಗಿದಿದ್ದು ಅರ್ಜಿ ಬಾಕಿ ಇರುವವರು ಬೋರ್ಡ್ ಅನುಮತಿಸಿದ ದಿನಾಂಕಗಳ ನಡುವೆ, ಲೈಸೆನ್ಸ್ ಇರುವ ಆರ್‌ಸಿಪಿಯ ನೇರ ಮೇಲ್ವಿಚಾರಣೆಯಲ್ಲಿ ಕೆಲಸ ಮಾಡಲು ಕಾಯ್ದೆಯಲ್ಲಿ ಅವಕಾಶವಿದೆ. ಆಗ ನೀವು ‘ರೆಸ್ಪಿರೇಟರಿ ಕೇರ್ ಪ್ರಾಕ್ಟೀಷನರ್ ಅಪ್ಲಿಕೆಂಟ್’ ಎಂದೇ ಹೇಳಿಕೊಳ್ಳಬೇಕು, ಎದೆಯ ಬ್ಯಾಡ್ಜಿನಲ್ಲೂ ಅದೇ. ಆ ಕೊನೆಯ ದಿನಾಂಕ ಮುಗಿದ ಕ್ಷಣ ಅವಕಾಶ ತಾನಾಗಿಯೇ ರದ್ದು. ‘ಫಲಿತಾಂಶ ನಾಳೆ ಬರುತ್ತದೆ, ಇವತ್ತೊಂದು ಶಿಫ್ಟ್ ಮಾಡಿಬಿಡು’ ಎಂದು ಮೇಲಿನವರೇ ಹೇಳಿದರೂ ಒಪ್ಪಬೇಡಿ. ಪೆಟ್ಟು ಬೀಳುವುದು ನಿಮ್ಮ ಹೆಸರಿಗೆ.

ಹಂತ 7: ಲೈಸೆನ್ಸ್ ಬಂತು, ಮೊದಲ ವಾರದಲ್ಲೇ ಮೂರು ಕೆಲಸ

ಮುಗಿಯುವ ದಿನಾಂಕ ನೋಡಿ. ಕ್ಯಾಲಿಫೋರ್ನಿಯಾದ ಆರ್‌ಸಿಪಿ ಲೈಸೆನ್ಸ್ ಎರಡು ವರ್ಷಕ್ಕೊಮ್ಮೆ, ನಿಮ್ಮ ಹುಟ್ಟಿದ ತಿಂಗಳ ಕೊನೆಯ ದಿನ ಮುಗಿಯುತ್ತದೆ. ಮೊದಲ ಅವಧಿ ಹುಟ್ಟಿದ ತಿಂಗಳಿಗೆ ಹೊಂದಿಕೊಳ್ಳಬೇಕಾದ್ದರಿಂದ ಪೂರ್ತಿ 24 ತಿಂಗಳು ಸಿಗುತ್ತದೆಂದು ಎಣಿಸಬೇಡಿ. ಫೋನಿನ ಕ್ಯಾಲೆಂಡರಿನಲ್ಲಿ ಮೂರು ಗುರುತು ಹಾಕಿ: ಆರು ತಿಂಗಳ ಮೊದಲು, ಎರಡು ತಿಂಗಳ ಮೊದಲು, ಎರಡು ವಾರ ಮೊದಲು.

ಬೋರ್ಡಿನಲ್ಲಿ ಇರುವ ವಿಳಾಸ ಸರಿಯೇ ಎಂದು ನೋಡಿ. ಮನೆ ಬದಲಿಸಿದರೆ 14 ದಿನದೊಳಗೆ ತಿಳಿಸಬೇಕು. ಬಾಡಿಗೆ ಮನೆ ವರ್ಷಕ್ಕೊಂದು ಬದಲಿಸುವವರು ಅಂಚೆ ಕಚೇರಿಗೆ ಹೇಳಿ ಬೋರ್ಡಿಗೆ ಹೇಳುವುದನ್ನು ಮರೆಯುತ್ತಾರೆ, ನವೀಕರಣದ ಸೂಚನೆ ಹಳೆಯ ಮನೆಗೆ ಹೋಗುತ್ತದೆ. ‘ಪತ್ರ ಬರಲಿಲ್ಲ’ ಎಂಬುದು ಯಾವ ದಂಡವನ್ನೂ ಮನ್ನಾ ಮಾಡಿಸುವುದಿಲ್ಲ. ದಾಖಲೆಯ ವಿಳಾಸ ಸಾರ್ವಜನಿಕವಾಗಿ ಕಾಣುವುದರಿಂದ, ಮನೆಯ ವಿಳಾಸ ಬೇಡವೆಂದರೆ ಅಂಚೆ ಪೆಟ್ಟಿಗೆ ಸಂಖ್ಯೆ ಕೊಡಬಹುದು.

ಒಂದು ಫೋಲ್ಡರ್ ತೆರೆಯಿರಿ. ಮುಂದಿನ ಹಂತಕ್ಕೆ ಅದು ಬೇಕು.

ಹಂತ 8: 30 ಗಂಟೆಯ ಮುಂದುವರಿದ ಕಲಿಕೆ

ನವೀಕರಣಕ್ಕೆ ಹಣಕ್ಕಿಂತ ಹೆಚ್ಚು ತಯಾರಿ ಬೇಡುವುದು ಇದು. ಎರಡು ವರ್ಷದ ಪ್ರತಿ ಅವಧಿಯಲ್ಲಿ 30 ಗಂಟೆ ಸಿಇ, ಅಂದರೆ ವೃತ್ತಿಗೆ ಸಂಬಂಧಿಸಿದ ಮುಂದುವರಿದ ಕಲಿಕೆ ಮುಗಿಸಬೇಕು. ಗಂಟೆಗಳು ಒಂದೇ ಬಗೆಯವಲ್ಲ. ಕನಿಷ್ಠ 15 ಗಂಟೆ ನೇರ ರೋಗಿ ಚಿಕಿತ್ಸೆಯ ವಿಷಯ, ಕನಿಷ್ಠ 10 ಗಂಟೆ ‘ಲೀಡರ್‌ಶಿಪ್’ ಗುಂಪಿನದು. ಎರಡನೆಯ ಗುಂಪನ್ನು ಮರೆತು ಮೂವತ್ತೂ ಗಂಟೆಯನ್ನು ವೆಂಟಿಲೇಟರ್ ವಿಷಯದಲ್ಲೇ ಮುಗಿಸಿ ಕೊನೆಯ ವಾರ ಪರದಾಡುವವರು ಇದ್ದಾರೆ. ಕೋರ್ಸಿಗೆ ಹಣ ಕೊಡುವ ಮೊದಲು ಅದು ಯಾವ ಗುಂಪಿಗೆ ಬೀಳುತ್ತದೆ, ನೇರ ಪ್ರಸಾರದ ತರಗತಿಯೋ ರೆಕಾರ್ಡ್ ಮಾಡಿದ್ದೋ ಎಂಬುದನ್ನು ಬೋರ್ಡಿನ ಸಿಇ ಪುಟದೊಂದಿಗೆ ಹೋಲಿಸಿ ನೋಡಿ.

ಒಂದು ಬಿಟ್ಟು ಒಂದು ನವೀಕರಣಕ್ಕೆ, ಎಂದರೆ ನಾಲ್ಕು ವರ್ಷಕ್ಕೊಮ್ಮೆ, ಕಾನೂನು ಮತ್ತು ವೃತ್ತಿ ನೀತಿ ಕೋರ್ಸನ್ನು ಮತ್ತೆ ಮಾಡಬೇಕು. ಅದು 3 ಗಂಟೆಯಾಗಿ ಈ ಮೂವತ್ತರೊಳಗೇ ಸೇರುತ್ತದೆ. ಕಳೆದ ಸಲ ಮಾಡಿದ್ದೆನೋ ಇಲ್ಲವೋ ಎಂಬ ಅನುಮಾನ ಬಂದರೆ ಮಾಡಿಬಿಡಿ. ಮೂರು ಗಂಟೆ ನಷ್ಟವಾಗುವುದಿಲ್ಲ.

ಗಂಟೆಗಳನ್ನು ಮುಂದಿನ ಅವಧಿಗೆ ಉಳಿಸಿಕೊಳ್ಳಲು ಬರುವುದಿಲ್ಲ. ಈ ಅವಧಿಯಲ್ಲಿ 42 ಗಂಟೆ ಮಾಡಿದರೂ ಮುಂದಿನದಕ್ಕೆ ಮತ್ತೆ 30. ಆಸ್ಪತ್ರೆಯಲ್ಲಿ ಕಡ್ಡಾಯವಾಗಿ ಮಾಡಿಸುವ ಸಿಪಿಆರ್ ಕಾರ್ಡ್, ಹೊಸ ಕೆಲಸಕ್ಕೆ ಸೇರಿದಾಗಿನ ಪರಿಚಯ ತರಗತಿ ಇವನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಪ್ರಮಾಣಪತ್ರ ಬಂದ ದಿನವೇ ಫೋಲ್ಡರಿಗೆ ಹಾಕಿ, ಕಡತದ ಹೆಸರಿನಲ್ಲೇ ದಿನಾಂಕ ಮತ್ತು ಗಂಟೆ ಬರೆಯಿರಿ. ನಿಮ್ಮ ಹೆಸರು, ಲೈಸೆನ್ಸ್ ಸಂಖ್ಯೆ, ಕೋರ್ಸಿನ ಹೆಸರು, ನಡೆದ ದಿನ, ಗಂಟೆ, ನಡೆಸಿದವರ ಮಾನ್ಯತೆಯ ವಿವರ ಅದರಲ್ಲಿ ಇರಬೇಕು. ಈ ದಾಖಲೆಗಳನ್ನು 4 ವರ್ಷ ಕಾಪಾಡಿಕೊಳ್ಳಬೇಕು. ನವೀಕರಣದ ಹೊತ್ತಿನಲ್ಲಿ ಬೋರ್ಡ್ ಎಲ್ಲರಿಂದಲೂ ಪ್ರಮಾಣಪತ್ರ ಕೇಳುವುದಿಲ್ಲ, ‘ಮುಗಿಸಿದ್ದೇನೆ’ ಎಂಬ ನಿಮ್ಮ ಘೋಷಣೆಯನ್ನು ನಂಬುತ್ತದೆ. ಆಮೇಲೆ ಕೆಲವರನ್ನು ಆರಿಸಿ ತಪಾಸಣೆ ಮಾಡುತ್ತದೆ. ಘೋಷಣೆ ಸುಳ್ಳೆಂದು ಕಂಡರೆ ಅದು ಗಂಟೆ ಕಡಿಮೆಯಾದ ಸಣ್ಣ ತಪ್ಪಾಗಿ ಉಳಿಯುವುದಿಲ್ಲ, ಪ್ರಾಮಾಣಿಕತೆಯ ಪ್ರಶ್ನೆಯಾಗಿ ಶಿಸ್ತುಕ್ರಮಕ್ಕೆ ಹೋಗುತ್ತದೆ. ನಾಲ್ಕು ಗಂಟೆ ಕಡಿಮೆ ಇದೆಯೇ? ಆ ವಾರಾಂತ್ಯ ಕುಳಿತು ಮುಗಿಸಿ, ಆಮೇಲೆ ಗುಂಡಿ ಒತ್ತಿ.

ಎನ್‌ಬಿಆರ್‌ಸಿ ಪದವಿ ಉಳಿಸಿಕೊಳ್ಳಲು ಐದು ವರ್ಷದ ಬೇರೆಯದೇ ವ್ಯವಸ್ಥೆ ಇದೆ ಎಂಬುದು ನೆನಪಿರಲಿ. ಒಂದೇ ಕೋರ್ಸ್ ಎರಡೂ ಕಡೆ ನಡೆಯಬಹುದು, ಆದರೆ ಎರಡೂ ಕಡೆ ನೀವೇ ದಾಖಲಿಸಬೇಕು.

ಹಂತ 9: ನವೀಕರಣ ಮತ್ತು ಶುಲ್ಕ

ಕಾಯ್ದೆಯಲ್ಲಿ ನವೀಕರಣ ಶುಲ್ಕ ಮೂಲತಃ 230 ಡಾಲರ್. ಬೋರ್ಡ್ ಅದನ್ನು ನಿಯಮದ ಮೂಲಕ 330ರವರೆಗೆ ಏರಿಸಬಹುದು ಎಂದಿದೆ. ಹಂತ ಹಂತವಾಗಿ ಏರುತ್ತ ಅದು ಆ ಮಿತಿಗೇ, 330ಕ್ಕೆ ಬಂದು ನಿಂತಿತು. ಹಣ ಕಟ್ಟುವ ದಿನ ಬ್ರೀಜ್ ಪರದೆಯ ಮೇಲೆ ಕಾಣುವ ಮೊತ್ತವೇ ಅಂತಿಮ.

ಅವಧಿ ಮುಗಿಯಲು ಎರಡು ತಿಂಗಳಿರುವಾಗ ಬ್ರೀಜ್‌ಗೆ ಲಾಗಿನ್ ಆಗಿ ನೋಡಿ. ಸಿಇ ಘೋಷಣೆ, ಕೆಲಸ ಮಾಡುವ ಆಸ್ಪತ್ರೆಯ ಹೆಸರು ವಿಳಾಸ, ಹಿಂದಿನ ನವೀಕರಣದ ನಂತರ ಯಾವುದಾದರೂ ಅಪರಾಧದಲ್ಲಿ ಶಿಕ್ಷೆಯಾಗಿದೆಯೇ ಎಂಬ ಪ್ರಶ್ನೆ, ಆಮೇಲೆ ಕಾರ್ಡಿನಲ್ಲಿ ಹಣ. ಕುಡಿದು ಗಾಡಿ ಓಡಿಸಿದ ಪ್ರಕರಣವನ್ನು ‘ಅದು ಟ್ರಾಫಿಕ್ ಕೇಸ್ ತಾನೇ’ ಎಂದು ಮುಚ್ಚಿಡುವುದು ದೊಡ್ಡ ತಪ್ಪು. ನಿಮ್ಮ ಬೆರಳಚ್ಚು ನ್ಯಾಯ ಇಲಾಖೆಯಲ್ಲಿ ಇರುವುದರಿಂದ ಬಂಧನದ ಸುದ್ದಿ ಬೋರ್ಡಿಗೆ ತಾನಾಗಿಯೇ ತಲುಪುತ್ತದೆ. ವಕೀಲರನ್ನು ಕೇಳಿ, ಕೋರ್ಟಿನ ದಾಖಲೆ ಇಟ್ಟು, ನಿಜ ಬರೆಯಿರಿ.

ಹಣ ಕಟ್ಟಿದೊಡನೆ ನಿಶ್ಚಿಂತರಾಗಬೇಡಿ. ಕೆಲವು ದಿನ ಬಿಟ್ಟು ರಾಜ್ಯದ ಲೈಸೆನ್ಸ್ ಹುಡುಕುವ ಪುಟದಲ್ಲಿ ಹೆಸರು ಹಾಕಿ, ಹೊಸ ದಿನಾಂಕ ಮೂಡಿದೆಯೇ ನೋಡಿ. ಆಸ್ಪತ್ರೆಯವರು ನೋಡುವುದೂ ಅದನ್ನೇ. ರಾಜ್ಯದ ತೆರಿಗೆ ಬಾಕಿಯಲ್ಲಿ ಮೊದಲ 500 ಮಂದಿಯ ಪಟ್ಟಿಯಲ್ಲಿ ಹೆಸರಿದ್ದರೂ ಲೈಸೆನ್ಸ್ ತಡೆಹಿಡಿಯಲು ಕಾನೂನಿದೆ. ಸಂಬಳದವರಿಗೆ ಇದು ಬಾಧಿಸುವುದು ಅಪರೂಪ.

ಇನ್ನೊಂದು ಎಚ್ಚರಿಕೆ. ಬೋರ್ಡಿನ ತನಿಖಾಧಿಕಾರಿ ಎಂದು ಹೇಳಿಕೊಂಡು ‘ನಿಮ್ಮ ಲೈಸೆನ್ಸ್ ಅಮಾನತಾಗಿದೆ, ಈಗಲೇ ಹಣ ಕಳಿಸಿ’ ಎಂದು ಫೋನ್ ಮಾಡುವ ವಂಚಕರ ಬಗ್ಗೆ ರಾಜ್ಯವೇ ಎಚ್ಚರಿಸಿದೆ. ಪರದೆಯಲ್ಲಿ ಬೋರ್ಡಿನ ನಂಬರೇ ಕಂಡರೂ ನಂಬಬೇಡಿ. ಫೋನ್ ಇಟ್ಟು, ಬೋರ್ಡಿನ ಪುಟದಲ್ಲಿ ಇರುವ ಸಂಖ್ಯೆಗೆ ನೀವೇ ಮಾಡಿ.

ಹಂತ 10: ಅವಧಿ ಮೀರಿದರೆ

ರಿಯಾಯಿತಿ ದಿನಗಳು ಇಲ್ಲ. ಕೊನೆಯ ದಿನದ ಮಧ್ಯರಾತ್ರಿ ದಾಟಿದರೆ ಮರುದಿನ ಬೆಳಗಿನ ಶಿಫ್ಟ್ ಲೈಸೆನ್ಸ್ ಇಲ್ಲದ ಕೆಲಸ. ರಾತ್ರಿ ಪಾಳಿಯಲ್ಲಿರುವಾಗ ಮುಗಿದರೆ ಅರ್ಧ ಪಾಳಿ ಹಾಗಾಗುತ್ತದೆ. ಮೊದಲು ಮೇಲ್ವಿಚಾರಕರಿಗೆ ಹೇಳಿ ರೋಗಿಯಿಂದ ದೂರ ಸರಿಯಿರಿ, ಆಮೇಲೆ ಹಣ ಕಟ್ಟಿ.

ಲೆಕ್ಕ ಹೀಗೆ. ಲೈಸೆನ್ಸ್ 2027ರ ಜೂನ್ 30ಕ್ಕೆ ಮುಗಿಯುತ್ತದೆ ಎನ್ನಿ. ಅಷ್ಟರೊಳಗೆ ಕಟ್ಟಿದರೆ 330. ಅಲ್ಲಿಂದ ಎರಡು ವರ್ಷದೊಳಗೆ ಯಾವಾಗ ಕಟ್ಟಿದರೂ ನವೀಕರಣ ಶುಲ್ಕದಷ್ಟೇ ತಡದ ಶುಲ್ಕ ಸೇರಿ 660. ಒಂದೇ ದಿನ ತಡವಾದರೂ ಅಷ್ಟೇ. ಎರಡು ವರ್ಷ ದಾಟಿ ಮೂರರೊಳಗಿದ್ದರೆ ತಡದ ಶುಲ್ಕ ಇಮ್ಮಡಿ, ಅದೊಂದೇ 660, ಮೇಲೆ ನವೀಕರಣದ 330 ಸೇರಿ 990. ಮೂರು ವರ್ಷ ದಾಟಿ 2030ರ ಜುಲೈಗೆ ಬಂದರೆ ಲೈಸೆನ್ಸೇ ರದ್ದು. ಹೊಸದಾಗಿ ಅರ್ಜಿ, ಆ ಹೊತ್ತಿನ ನಿಯಮ. 2015ಕ್ಕಿಂತ ಮೊದಲು ಸಿಆರ್‌ಟಿ ಮೇಲೆ ಲೈಸೆನ್ಸ್ ಪಡೆದವರು ಇದನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು. ಅವರ ಹಳೆಯ ಲೈಸೆನ್ಸ್ ನವೀಕರಣವಾಗುತ್ತ ಇರುವವರೆಗೆ ಚಿಂತೆಯಿಲ್ಲ, ಒಮ್ಮೆ ರದ್ದಾದರೆ ಆರ್‌ಆರ್‌ಟಿ ಪರೀಕ್ಷೆ ಎದುರಾಗುತ್ತದೆ.

ಹೆರಿಗೆ, ಊರಲ್ಲಿ ಅಪ್ಪ ಅಮ್ಮನ ಆರೈಕೆ, ಎರಡು ವರ್ಷ ಭಾರತವಾಸ ಎಂದು ಕೆಲಸ ಬಿಡುವವರಿಗೆ ‘ಇನ್‌ಆಕ್ಟಿವ್’ ಸ್ಥಿತಿ ಇದೆ. ಶುಲ್ಕ ಸಾಮಾನ್ಯ ನವೀಕರಣದಷ್ಟೇ, ಆದರೆ ಆ ಅವಧಿಯಲ್ಲಿ ಸಿಇ ಬೇಕಿಲ್ಲ, ಕೆಲಸವನ್ನೂ ಮಾಡುವಂತಿಲ್ಲ. ಮರಳಿ ಬರುವಾಗ 30 ಗಂಟೆ ಮುಗಿಸಿ ಸಕ್ರಿಯ ಮಾಡಿಸಿಕೊಳ್ಳಬಹುದು. 330 ಉಳಿಸಲು ಹಾಗೇ ಬಿಟ್ಟರೆ ದಂಡವೂ ಬರುತ್ತದೆ, ರದ್ದಾಗುವ ಭಯವೂ ಇರುತ್ತದೆ. ಬೆಂಗಳೂರಿನಲ್ಲಿ ಕುಳಿತೂ ಬ್ರೀಜ್‌ನಲ್ಲಿ ಇದನ್ನು ಮಾಡಬಹುದು. ಹೊರಡುವ ಮೊದಲು ಅಮೆರಿಕದ ಫೋನ್ ನಂಬರ್ ಮುಚ್ಚುವಿರಾದರೆ ಖಾತೆಯ ಇಮೇಲ್, ಪಾಸ್‌ವರ್ಡ್ ಮಾತ್ರ ಜೋಪಾನ.

ಬೇರೆ ರಾಜ್ಯಕ್ಕೆ ಹೋಗುವವರಿಗೆ

ಅಲ್ಲಿನ ಮಂಡಳಿಗೆ ಹೊಸ ಅರ್ಜಿ, ಕ್ಯಾಲಿಫೋರ್ನಿಯಾದಿಂದ ದೃಢೀಕರಣ ಪತ್ರ. ದಿನಾಂಕ, ಗಂಟೆ ಎಲ್ಲ ಬದಲಾಗುತ್ತದೆ. ಫ್ಲಾರಿಡಾದಲ್ಲಿ ಎಲ್ಲರ ಲೈಸೆನ್ಸೂ ಬೆಸ ಸಂಖ್ಯೆಯ ವರ್ಷದ ಮೇ 31ಕ್ಕೆ ಮುಗಿಯುತ್ತದೆ, 24 ಗಂಟೆ ಸಿಇ. ಟೆಕ್ಸಸ್‌ನಲ್ಲೂ ಎರಡು ವರ್ಷಕ್ಕೆ 24 ಗಂಟೆ, ನೋಡಿಕೊಳ್ಳುವುದು ಅಲ್ಲಿನ ವೈದ್ಯಕೀಯ ಮಂಡಳಿ. ನ್ಯೂಯಾರ್ಕ್‌ನಲ್ಲಿ ಮೂರು ವರ್ಷಕ್ಕೊಮ್ಮೆ. ಹೊಸ ರಾಜ್ಯದ ಲೈಸೆನ್ಸ್ ಕೈಗೆ ಬಂದು ಅಲ್ಲಿನ ಪುಟದಲ್ಲಿ ಹೆಸರು ಕಾಣುವವರೆಗೆ ಕ್ಯಾಲಿಫೋರ್ನಿಯಾದ್ದನ್ನು ಬಿಡಬೇಡಿ, ಹಳೆಯ ಆಸ್ಪತ್ರೆಗೆ ರಾಜೀನಾಮೆಯ ದಿನಾಂಕವನ್ನೂ ಕೊಡಬೇಡಿ.